ಕಾಗಿಣಾ ದಾಟದ ವಿಮಾನ

ವಿಮಾನ ಕಟ್ಟುವುದು ಜನ ತಿಳಿದಷ್ಟು ಕಷ್ಟದ ಕೆಲಸವಲ್ಲ. ನಾನೇ ಒಂದು ಕಟ್ಟಿದ್ದೇನೆ. ಎರಡು ರೆಕ್ಕೆ, ಒಂದು ಬಾಲ, ಮುಂದೆ ಗಾಳಿ ತಳ್ಳುವ ಒಂದು ಫಂಕ, ನಡುವೆ ಕೂಡಲು ಹಲಗೆ. ಇಷ್ಟೇ! ರೆಕ್ಕೆಗಳಲ್ಲಿ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಇರಬೇಕು ಎಂಬುದನ್ನು ನೆನಪಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದ ಕಾಲು ಭಾಗದಲ್ಲಿ ಒಂದು ಸಣ್ಣ ತೊಡಕಿದೆ. ಅದನ್ನು ನೆಲದಿಂದ ಮೇಲೆತ್ತುವುದು.

ಆಗ ನಾನು ಸೇಡಂನ ಹೊರಗೆ, ಚಿಂಚೋಳಿಯ ದಾರಿಯಲ್ಲಿದ್ದ ಒಂದು ಹತ್ತಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದೆ. ಗಿರಣಿಯ ಅಂಗಳದಲ್ಲೇ ನಮ್ಮ ಮನೆ. ಹೆಸರು ಶರಣಪ್ಪ, ಊರವರ ಬಾಯಲ್ಲಿ ಎಂಜಿನ್ ಶರಣಪ್ಪ. ಗಿರಣಿಯ ಎಣ್ಣೆ ಎಂಜಿನ್ನು ನನ್ನ ಮಾತು ಕೇಳುತ್ತಿತ್ತು. ಪ್ರತಿ ಸೋಮವಾರ ಅದರ ಮೈ ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಊದುಬತ್ತಿ ಬೆಳಗಿ ಚಕ್ರ ತಿರುಗಿಸಿದರೆ ಸಾಕು, ಡುಗ್ ಡುಗ್ ಎಂದು ಶನಿವಾರದವರೆಗೆ ಮರುಮಾತಿಲ್ಲದೆ ಓಡುತ್ತಿತ್ತು. ಇಂಥ ಮನುಷ್ಯನಿಗೆ ಎಂಜಿನ್ನುಗಳ ವಿಷಯದಲ್ಲಿ ಸ್ವಲ್ಪ ಸೊಕ್ಕು ಬಂದರೆ ತಪ್ಪೇನು?

ನನಗೆ ಹುಚ್ಚು ಹತ್ತಿದ್ದು ಗದ್ದಲದ ವರ್ಷದಲ್ಲಿ. ನಿಜಾಮರ ಆಳ್ವಿಕೆ ಮುಗಿಯುತ್ತಿದ್ದ ಆ ದಿನಗಳಲ್ಲಿ ಒಂದು ಬೆಳಿಗ್ಗೆ ವಿಮಾನವೊಂದು ಊರ ಮೇಲೆ ಹಾದುಹೋಯಿತು. ಕೆಲವರು ಜೋಳ ತುಂಬಿಡುವ ಹಗೇವಿಗೆ ಇಳಿದರು, ಕೆಲವರು ಮಂಚದ ಕೆಳಗೆ ಸೇರಿದರು. ನಾನು ಮಾಳಿಗೆ ಹತ್ತಿದೆ! ಮದುವೆಯಾಗಿ ಮೂರೇ ತಿಂಗಳಾಗಿದ್ದ ನನ್ನ ಹೆಂಡತಿ ನೀಲವ್ವ ಅಂಗಳದಲ್ಲಿ ನಿಂತು ಕೂಗುತ್ತಿದ್ದಳು.

"ಇಳೀರಿ! ಕೆಳಗ ಇಳೀರಂದ್ರ! ನಿಮಗೇನರೆ ಆದ್ರ ನಾ ಯಾರ ಮಾರಿ ನೋಡ್ಲಿ?"

ನಾನು ಇಳಿಯಲಿಲ್ಲ. ಆ ವಿಮಾನ ಬಿಸಿಲಲ್ಲಿ ಒಮ್ಮೆ ಮಿಂಚಿ, ಕಾಗಿಣಾ ಹೊಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿ ಹೋಯಿತು. ನಮ್ಮ ಬಂಡಿಗಳು ಅದೇ ಹೊಳೆ ದಾಟಲು ಅರ್ಧ ದಿನ ಒದ್ದಾಡುತ್ತವೆ. ಅದು ಹೋದ ಮೇಲೂ ನಾನು ಬರಿಯ ಆಕಾಶವನ್ನು ನೋಡುತ್ತ ನಿಂತಿದ್ದೆ. ಎದೆಯಲ್ಲಿ ಏನೋ ಒಂದು ಜಾಗ ಖಾಲಿಯಾದಂತಾಯಿತು. ಅದು ಇವತ್ತಿಗೂ ತುಂಬಿಲ್ಲ.

ಹಂಬಲ ನನಗೊಬ್ಬನಿಗೇ ಇತ್ತೆಂದು ತಿಳಿಯಬೇಡಿ. ನೀಲವ್ವನ ತವರು ಚಿಂಚೋಳಿಯ ಮಗ್ಗುಲಿನ ಒಂದು ಹಳ್ಳಿ. ಪಂಚಮಿ ಹಬ್ಬಕ್ಕೆ ತವರಿಗೆ ಹೋಗಬೇಕು, ಅಲ್ಲಿ ಹುಣಸೆಮರಕ್ಕೆ ಕಟ್ಟಿದ ಜೋಕಾಲಿ ಜೀಕಬೇಕು ಎಂಬುದು ಅವಳ ಆಸೆ. ರೊಟ್ಟಿ ಬಡಿಯುವಾಗಲೂ ಅದೇ ಮಾತು.

"ಜೋಕಾಲಿ ಮ್ಯಾಲ ಹೋದಾಗ ನಮ್ಮ ಮಾಳಿಗಿ ಕಾಣ್ತದ್ರಿ, ಒಲಿ ಮುಂದ ಕುಂತ ಅವ್ವ ಕಾಣ್ತಾಳ, ಆಚಿ ಅಡವಿ ಕಾಣ್ತದ. ಕೆಳಗ ಬಂದ್ರ ಏನೂ ಇಲ್ಲ. ಮತ್ತ ಮ್ಯಾಲ ಹೋಗಬೇಕನಸ್ತದ."

ಆದರೆ ಪಂಚಮಿ ಬರುವುದು ಶ್ರಾವಣದಲ್ಲಿ. ಶ್ರಾವಣದಲ್ಲಿ ಕಾಗಿಣಾ ಕೆಂಪಗೆ ದಂಡೆ ತುಂಬಿ ಹರಿಯುತ್ತದೆ. ತವರಿನವರು ಬಂದು ಕರೆಯದೆ ಹೆಣ್ಣುಮಗಳು ತಾನಾಗಿ ಹೊರಡುವಂತಿಲ್ಲ. ಅವಳ ತಮ್ಮ ಚನ್ನಬಸು ಮೂರು ವರ್ಷ ಬಂಡಿ ಕಟ್ಟಿಕೊಂಡು ಬಂದ. ಮೂರು ವರ್ಷವೂ ಆಚೆ ದಂಡೆಯಲ್ಲೇ ನಿಂತ. ಈಚೆ ದಂಡೆಯಲ್ಲಿ ಇವಳು. ಅವನು ಹಬ್ಬದ ಉಂಡಿಯ ಗಂಟು ಎತ್ತಿ ತೋರಿಸುತ್ತಿದ್ದ, ಇವಳು ಕೈ ಎತ್ತಿ ಹೊಸ ಬಳೆ ತೋರಿಸುತ್ತಿದ್ದಳು. ಹೊತ್ತು ಇಳಿಯುವ ತನಕ ಹೀಗೆ ನಿಂತು, ಅವನು ಬಂಡಿ ತಿರುಗಿಸಿಕೊಂಡು ಹೋಗುತ್ತಿದ್ದ.

ಮೂರನೆಯ ವರ್ಷ ಹಾಗೆ ಮನೆಗೆ ಮರಳುವಾಗ ಅವಳು ಬೆಳ್ಳಕ್ಕಿಗಳ ಸಾಲೊಂದನ್ನು ನೋಡಿ, "ಅವಕ್ಕ ದಾರಿ ಅದ ನೋಡ್ರಿ, ನಮಗಿಲ್ಲ" ಎಂದಳು. ನಾನು ತಕ್ಷಣ ಹೇಳಿದೆ: "ಬರೂ ಪಂಚಮಿಗಿ ಮ್ಯಾಲಿಂದನೇ ಹೋಗೂಣು." ಅವಳು ನಕ್ಕಳು. ಆ ನಗುವನ್ನು ನಾನು ಒಪ್ಪಿಗೆ ಎಂದು ತಿಳಿದೆ!

ಕೆಲಸಕ್ಕೆ ನನ್ನ ಜೊತೆಯಾದವರು ಹುಸೇನಸಾಬ ಮಿಸ್ತ್ರಿ. ಶಹಾಬಾದಿನವರು, ಲಾರಿ ರಿಪೇರಿಯಲ್ಲಿ ತಲೆ ನರೆಸಿಕೊಂಡವರು, ಮಗಳ ಮನೆಯೆಂದು ಸೇಡಂಗೆ ಬಂದು ನೆಲೆಸಿದ್ದರು. ವಾಡಿಯ ಗುಜರಿಯಲ್ಲಿ ದಂಡಿನವರು ಬಿಟ್ಟುಹೋದ ಒಂದು ಮೋಟರ್ ಸೈಕಲ್ಲಿನ ಎಂಜಿನ್ ಸಿಕ್ಕಿತು. ಅದರ ಜೊತೆಗೇ ವಿಮಾನದ ಚಿತ್ರಗಳಿದ್ದ ಒಂದು ಇಂಗ್ಲಿಷ್ ಪುಸ್ತಕವೂ ಸಿಕ್ಕಿತು. ಇಂಗ್ಲಿಷ್ ನಮ್ಮಿಬ್ಬರಿಗೂ ಬಾರದು. ಆದರೆ ಚಿತ್ರ ಚಿತ್ರವೇ ಅಲ್ಲವೇ? ಕೊನೆಯ ನಾಲ್ಕಾರು ಪುಟ ಹರಿದುಹೋಗಿದ್ದವು. ಅವು ಬೇಕಾಗಲಿಕ್ಕಿಲ್ಲ ಎಂದುಕೊಂಡೆ.

ಬಿದಿರಿನ ಅಸ್ಥಿಪಂಜರ, ಸೈಕಲ್ಲಿನ ಗಾಲಿ, ಬಡಿಗನಿಂದ ಕೆತ್ತಿಸಿದ ಸಾಗವಾನಿಯ ಫಂಕ, ಬಾಲ ತಿರುಗಿಸಲು ಎರಡು ಉಕ್ಕಿನ ಹಗ್ಗ, ಹಿಂದೊಂದು ಮುಂದೊಂದು ಹಲಗೆ. ರೆಕ್ಕೆಗೆ ಬಿಳಿ ಬಟ್ಟೆ ಬಿಗಿದೆವು. ಬಟ್ಟೆ ಸೆಟೆದು ನಿಲ್ಲಬೇಕೆಂದು ಪುಸ್ತಕದ ಚಿತ್ರವೇ ಹೇಳುತ್ತಿತ್ತು. ವಿಲಾಯತಿಯವರು ಅದಕ್ಕೆ ಏನು ಬಳಿಯುತ್ತಾರೋ ತಿಳಿಯದು. ನಾನು ಜೋಳದ ಗಂಜಿ ಕಾಸಿ ಬಳಿದೆ. ಹುಳ ಹಿಡಿಯಬಾರದೆಂದು ಎರಡು ಹಿಡಿ ಉಪ್ಪನ್ನೂ ಬೆರೆಸಿದೆ. ಒಣಗಿದ ಮೇಲೆ ರೆಕ್ಕೆ ಬಾರಿಸಿದರೆ ಹಲಗೆಯಂತೆ ಸದ್ದು! ಹೆಮ್ಮೆಯಿಂದ ಊಟಕ್ಕೆ ಹೋದೆ.

ಉಂಡು ಬರುವಷ್ಟರಲ್ಲಿ ಎಡಗಡೆಯ ರೆಕ್ಕೆ ಇರಲಿಲ್ಲ. ಗಿರಣಿಯ ಬಂಡಿಯ ಎರಡು ಎತ್ತುಗಳು ಪಕ್ಕದಲ್ಲಿ ನಿಂತು ಶಾಂತವಾಗಿ ಮೆಲುಕು ಹಾಕುತ್ತಿದ್ದವು. ವಿಮಾನ ನಿರ್ವಹಣೆಯ ಮೊದಲನೆಯ ನಿಯಮ ಅಂದು ನನಗೆ ಹೊಳೆಯಿತು: ರೆಕ್ಕೆಗಳನ್ನು ದನಗಳಿಂದ ದೂರ ಇಡತಕ್ಕದ್ದು!

ಬೇರೆ ಬಟ್ಟೆ ಇರಲಿಲ್ಲ. ನಾನು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ನೀಲವ್ವ ಒಳಗಿನಿಂದ ತನ್ನ ಹಸಿರು ಇಳಕಲ್ ಸೀರೆ ತಂದು ನನ್ನ ಮುಂದಿಟ್ಟಳು.

"ಇದು ನಿನ್ನ ತವರಿನ ಸೀರಿ ಅಲ್ಲೇನು?" ಎಂದೆ.

"ಹೌದ್ರಿ. ತವರಿಂದ ಬಂದದ, ತವರಿಗಿ ಹೋಗ್ಲಿ."

ಅಂದಿನಿಂದ ಅವಳು ನನ್ನ ವಿಮಾನವನ್ನು ನೋಡಿ ನಗಲಿಲ್ಲ. ಅದು ನನಗೆ ನಗುವುದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ನಾನು ಆಡಿದ ಮಾತನ್ನು ಅವಳು ನಂಬಿಬಿಟ್ಟಿದ್ದಳು!

ಸೀರೆಗೂ ಗಂಜಿ ಬಳಿದು ಬಿಗಿದೆ. ಒಂದು ರೆಕ್ಕೆ ಬಿಳಿ, ಇನ್ನೊಂದು ಹಸಿರು, ಅದಕ್ಕೆ ಕೆಂಪು ಸೆರಗು. ವಿಮಾನ ಮದುಮಗಳಂತೆ ನಿಂತಿತು. ಪಂಚಮಿಗೆ ಹದಿನೈದು ದಿನವಿರುವಾಗ ನಾನು ಚನ್ನಬಸುವಿಗೆ ಒಂದು ಕಾರ್ಡು ಬರೆದೆ. "ಈ ವರ್ಷ ಬಂಡಿ ತರತಕ್ಕದ್ದಲ್ಲ. ನಿಮ್ಮಕ್ಕನವರನ್ನು ಆಕಾಶಮಾರ್ಗವಾಗಿ ಕರೆತರಲಾಗುವುದು. ಪಂಚಮಿಯ ದಿನ ಹೊಲದಲ್ಲಿ ಕಲ್ಲು ಆರಿಸಿ, ನಾಲ್ಕು ಮೂಲೆಗೆ ಬಿಳಿ ಧೋತರ ಹಾಸಿ, ದನಕರುಗಳನ್ನು ಕಟ್ಟಿಹಾಕಿ ಕಾಯತಕ್ಕದ್ದು." ಸಹಿಯ ಕೆಳಗೆ 'ವಿಮಾನ ಚಾಲಕ' ಎಂದು ಬರೆದೆ. ಕಾರ್ಡಿನಲ್ಲಿ ಜಾಗ ಉಳಿದಿತ್ತು, ಏನು ಮಾಡುವುದು!

ಎಂಟು ದಿನವಿರುವಾಗ ಎಂಜಿನ್ ಮೊದಲ ಸಲ ಕೂಗಿತು. ಮಿಸ್ತ್ರಿ ಫಂಕ ಹಿಡಿದು ತಿರುವಿದರು, ಭರ್ ಎಂದು ಹೊತ್ತಿಕೊಂಡಿತು. ಗಿರಣಿಯ ಅಂಗಳದಲ್ಲಿ ಹತ್ತಿಯ ಧೂಳು ಎದ್ದು ಆಕಾಶಕ್ಕೆ ಹೋಯಿತು. ಮಿಸ್ತ್ರಿಯ ಟೊಪ್ಪಿಗೆ ಹಾರಿ ಬೇವಿನಮರದಲ್ಲಿ ಸಿಕ್ಕಿಕೊಂಡಿತು. ನೀಲವ್ವ ಕಿವಿ ಮುಚ್ಚಿಕೊಂಡು ನಗುತ್ತ ಅಳುತ್ತಿದ್ದಳು. ನನಗೂ ಕಣ್ಣು ಒದ್ದೆಯಾಯಿತು. ಧೂಳಿನಿಂದ ಎಂದು ಹೇಳಿದೆ.

ಇಷ್ಟು ಒಳ್ಳೆಯ ಎಂಜಿನ್ನಿಗೆ ಪೂಜೆ ಮಾಡದೆ ಬಿಡಲಾದೀತೇ? ಮರುದಿನ ಸೋಮವಾರ. ಮಿಂದು ಮಡಿಯುಟ್ಟು ಬಂದೆ. ಈ ಎಂಜಿನ್ನಿನ ಜೀವ ಎಲ್ಲಿದೆ ಎಂದು ಮಿಸ್ತ್ರಿ ನನಗೆ ಮೊದಲೇ ತೋರಿಸಿದ್ದರು. ಪಕ್ಕದಲ್ಲೊಂದು ಸಣ್ಣ ಡಬ್ಬಿ, ಅದರ ಮುಚ್ಚಳದೊಳಗೆ ಎರಡು ಪುಟ್ಟ ಲೋಹದ ತುದಿಗಳು. ಅವು ಕೂಡಿ ಬಿಡುವಾಗ ಕಿಡಿ ಹುಟ್ಟುತ್ತದೆ, ಆ ಕಿಡಿಯಿಂದ ಪೆಟ್ರೋಲು ಹೊತ್ತುತ್ತದೆ. ಜೀವ ಅಲ್ಲಿದ್ದ ಮೇಲೆ ವಿಭೂತಿಯನ್ನು ಹೊರಗಿನ ತಗಡಿಗೆ ಬಳಿದರೆ ಏನು ಬಂತು? ಮುಚ್ಚಳ ಬಿಚ್ಚಿದೆ. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಕಡ್ಡಿಯ ತುದಿಯಿಂದ ಆ ಎರಡು ತುದಿಗಳಿಗೂ ಭಕ್ತಿಯಿಂದ ಹಚ್ಚಿದೆ. ಕೈಮುಗಿದು ಮುಚ್ಚಿದೆ.

ಆಮೇಲೆ ಎಂಜಿನ್ ಮಾತಾಡಲಿಲ್ಲ.

ಮಿಸ್ತ್ರಿ ನೂರು ಸಲ ಫಂಕ ತಿರುವಿದರು. ನಾನು ನೂರು ಸಲ ತಿರುವಿದೆ. ಪೆಟ್ರೋಲು ಬರುತ್ತಿದೆಯೇ? ಬರುತ್ತಿದೆ. ಕಾರ್ಬೊರೇಟರ್ ಬಿಚ್ಚಿ ತೊಳೆದು ಕೂಡಿಸಿದೆವು. ಮೂರು ತಿರುಪು ಉಳಿದವು. ಮತ್ತೆ ಬಿಚ್ಚಿ ಕೂಡಿಸಿದೆವು. ಐದು ಉಳಿದವು! ಪ್ಲಗ್ ಬಿಚ್ಚಿ ಬೇವಿನ ಕಡ್ಡಿಯಿಂದ ಹಲ್ಲುಜ್ಜಿದಂತೆ ಉಜ್ಜಿದೆ. ಯಾರದೋ ಕಣ್ಣು ಬಿದ್ದಿದೆಯೆಂದು ಫಂಕಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಫಂಕ ತಿರುವಿದಾಗ ನಿಂಬೆಹಣ್ಣು ಬಂದು ನನ್ನ ಮೂಗಿಗೇ ಬಡಿಯಿತು.

"ಕಿಡಿನೇ ಬರವಲ್ದು, ಶರಣಪ್ಪನೋರ," ಎಂದರು ಮಿಸ್ತ್ರಿ. ಡಬ್ಬಿ ಬಿಚ್ಚಿದೆವು. ಮಿಸ್ತ್ರಿ ಅರಿವೆ ತೆಗೆದುಕೊಂಡು, "ಇಲ್ಲಿ ಜರಾ ಒರಸ್ಲೇನು?" ಎಂದು ಕೈ ಚಾಚಿದರು. ನಾನು ಗಾಬರಿಯಿಂದ ಅವರ ಕೈ ಹಿಡಿದೆ.

"ಬ್ಯಾಡ್ರಿ ಮಿಸ್ತ್ರಿ! ಅದು ಪೂಜಾದ್ದು."

ಅವರು ನನ್ನ ಮುಖ ನೋಡಿ ಅರಿವೆ ಹೆಗಲಿಗೆ ಹಾಕಿಕೊಂಡರು. ಆ ವಾರದಲ್ಲಿ ಡಬ್ಬಿಯನ್ನು ಮೂರು ಸಲ ಬಿಚ್ಚಿದೆ. ಮೂರು ಸಲವೂ ವಿಭೂತಿ ಅಳಿಸದಂತೆ ಎಚ್ಚರದಿಂದ ಸುತ್ತಲೂ ಒರೆಸಿ, ಕಣ್ಣಿಗೊತ್ತಿಕೊಂಡು ಮುಚ್ಚಿದೆ. ನಮ್ಮ ಎಣ್ಣೆ ಎಂಜಿನ್ನಿಗೆ ಕಿಡಿಯ ಗೊಡವೆಯೇ ಇಲ್ಲ. ಎಷ್ಟು ವಿಭೂತಿ ಬಳಿದರೂ ಅದು ತಾಳಿಕೊಂಡಿತ್ತು. ನನ್ನ ತಲೆಗೆ ಆ ವ್ಯತ್ಯಾಸ ಹೊಳೆಯಲೇ ಇಲ್ಲ.

ಆ ವರ್ಷ ಮಳೆಯೂ ತಡವಾಗಿತ್ತು. ಪಂಚಮಿಗೆ ನಾಲ್ಕು ದಿನವಿರುವಾಗ ನೀಲವ್ವ ನೀರಿನ ಚರಿಗೆ ಹಿಡಿದುಕೊಂಡು ಬಂದು, ನನ್ನ ಹತ್ತಿರ ಕುಳಿತು ಮೆಲ್ಲಗೆ ಹೇಳಿದಳು.

"ಹೊಳ್ಯಾಗ ನೀರು ಬರೇ ಮೊಳಕಾಲ ತನಕ ಅದ ಅಂತ್ರಿ. ತಮ್ಮನಂತೂ ಬಂಡಿ ತರಂಗಿಲ್ಲ. ನಾವೇ ಒಂದು ಬಂಡಿ ಮಾಡ್ಕೊಂಡು ಹೋಗೂಣೇನು? ಈಗ ಹೊಂಟ್ರ ಹಬ್ಬಕ್ಕ ಮುಟ್ಟತೀವಿ."

"ವಿಮಾನ ಇರೂ ಮನ್ಯಾಗ ಬಂಡಿ ಹೆಸರು ತಗೀಬ್ಯಾಡ!" ಎಂದು ನಾನು ಗದರಿದೆ. ಕೈಯಲ್ಲಿ ಐದು ತಿರುಪು ಹಿಡಿದುಕೊಂಡಿದ್ದ ಮನುಷ್ಯನಿಗೆ ಎಂಥ ಧೈರ್ಯ ನೋಡಿ! ಅವಳು ಚರಿಗೆಯನ್ನು ಅಲ್ಲೇ ಇಟ್ಟು ಎದ್ದಳು. ಒಳಗೆ ಹೋಗಿ ಶೇಂಗಾ ಹುರಿದು ಉಂಡಿ ಕಟ್ಟಿದಳು. ಆ ವಾಸನೆ ಅಂಗಳದವರೆಗೆ ಬಂದಾಗ ನನ್ನ ಜೀವ ಚುರ್ ಎಂದಿತು. ಆದರೂ ನಾನು ತಿರುಪು ಎಣಿಸುತ್ತಲೇ ಇದ್ದೆ.

ಪಂಚಮಿ ಬಂತು. ನೀಲವ್ವ ಹುತ್ತಕ್ಕೆ ಹಾಲೆರೆದು ಬಂದು, ಹೊಸ ಸೀರೆಯುಟ್ಟು, ಉಂಡಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗೆಯೇ ಹಿಂದಿನ ಹಲಗೆಯ ಮೇಲೆ ಕುಳಿತಳು. ನಾನು ಫಂಕ ತಿರುವುತ್ತಿದ್ದೆ. ಮಿಸ್ತ್ರಿ ತಿರುವುತ್ತಿದ್ದರು. ಹೊತ್ತು ನೆತ್ತಿಗೆ ಬಂತು. ಕೊನೆಗೆ ಅವಳು ಕೆಳಗಿಳಿದು ಬಂದು ಕೇಳಿದಳು.

"ಎಲ್ಲಿಂದ್ರಿ ಆ ಕಿಡಿ ಬರೂದು? ನನಗರೆ ತೋರಸ್ರಿ."

ನಾನು ಬೇಸರದಿಂದ ಡಬ್ಬಿ ಬಿಚ್ಚಿ ತೋರಿಸಿದೆ. ಅವಳು ಬಗ್ಗಿ ನೋಡಿದಳು.

"ಈ ಎರಡೂ ಒಂದಕ್ಕೊಂದು ಮುಟ್ಟಬೇಕಲ್ಲ?"

"ಮುಟ್ಟಬೇಕು."

"ನಡುವ ವಿಭೂತಿ ಗಟ್ಟಿಯಾಗಿ ಕುಂತದಲ್ರಿ. ಹ್ಯಾಂಗ ಮುಟ್ಟತಾವ?"

ನಾನು ಮಿಸ್ತ್ರಿಯ ಕಡೆ ತಿರುಗಿದೆ. "ನಿಮಗ ಗೊತ್ತಿತ್ತೇನ್ರಿ?"

ಮಿಸ್ತ್ರಿ ನೆಲ ನೋಡಿದರು. "ಮೊದಲ ದಿನಾನೇ ಶಕ್ ಬಂದಿತ್ತು. ಒರಸ್ಲಿಕ್ಕಿ ಹೋದ್ರ ನೀವು ಕೈ ಹಿಡದ್ರಿ. ನಿಮ್ಮ ದೇವರ ಗುರುತು, ನಾ ಹ್ಯಾಂಗ ಅಳಸಲಿ? ನೀವೇ ಅಳಸ್ತೀರಿ ಅಂತ ದಾರಿ ನೋಡ್ಲಿಕತ್ತಿದ್ದೆ."

ನೀಲವ್ವ ಕೈಮುಗಿದಳು. ಸೆರಗಿನ ತುದಿಯಿಂದ ಆ ಎರಡು ತುದಿಗಳನ್ನೂ ಒರೆಸಿ, ಸೆರಗಿಗೆ ಹತ್ತಿದ ಬೂದಿಯನ್ನು ತನ್ನ ಹಣೆಗೆ ಹಚ್ಚಿಕೊಂಡಳು. ಮಿಸ್ತ್ರಿ ಒಂದೇ ಸಲ ಫಂಕ ತಿರುವಿದರು.

ಭರ್!

"ನಾ ಒಂದು ಸುತ್ತು ಹಾಕಿ ಬರ್ತೀನಿ. ಆಮ್ಯಾಲ ನೀ ಕುಂದ್ರು!" ಎಂದು ಕೂಗಿ ನಾನು ಹಲಗೆ ಹತ್ತಿದೆ. ಗಿರಣಿಯ ಹಿಂದೆ ನಮ್ಮ ಸೀಮೆಯ ಹಾಸುಗಲ್ಲು ನೆಲದಂತೆ ಚಾಚಿಕೊಂಡಿತ್ತು. ವಿಮಾನ ಅದರ ಮೇಲೆ ಓಡತೊಡಗಿತು. ಬಿದಿರು ಕಿರುಗುಟ್ಟಿತು, ನನ್ನ ಹಲ್ಲು ಕಟಕಟಿಸಿದವು, ಹಸಿರು ಸೀರೆ ಪಟಪಟ ಬಡಿದುಕೊಂಡಿತು. ಗಾಳಿ ಎದೆಗೆ ತುಂಬಿಕೊಂಡಿತು. ಇಷ್ಟು ವರ್ಷ ಖಾಲಿಯಿದ್ದ ಆ ಜಾಗಕ್ಕೇ ಹೋಗಿ ತುಂಬಿದಂತಾಯಿತು. ಈಗ ಏಳುತ್ತದೆ, ಈಗ ಎದ್ದಿತು, ಇದೇ ಆ ಗಳಿಗೆ ಎಂದು ಅನಿಸಿದ ಕೂಡಲೇ ನಾನು ಒಂದು ಮುಖ್ಯ ಕೆಲಸ ಮಾಡಿದೆ.

ಕಣ್ಣು ಮುಚ್ಚಿಕೊಂಡೆ!

ಕಣ್ಣು ಬಿಟ್ಟಾಗ ವಿಮಾನ ಕಣಿಕಿ ಬಣವೆಗೆ ಗುದ್ದಿ ಮುರಿದಿತ್ತು, ನಾನು ಬಣವೆಯೊಳಗಿದ್ದೆ. ಬಾಯ್ತುಂಬ ಜೋಳದ ದಂಟು. ಮಿಸ್ತ್ರಿ ಮತ್ತು ನೀಲವ್ವ ಓಡಿಬಂದರು.

"ಎದ್ದಿತ್ತೇನು?" ಎಂದು ಕೇಳಿದೆ. ಕೈಕಾಲು ಇವೆಯೇ ಎಂದು ನೋಡಿಕೊಳ್ಳುವ ಮೊದಲೇ ಕೇಳಿದೆ.

"ಎದ್ದಿತ್ತು, ಎದ್ದಿತ್ತು," ಎಂದರು ಮಿಸ್ತ್ರಿ. "ಒಂದು ಬೆರಳಷ್ಟು ಎದ್ದಂಗ ಇತ್ತು."

ನಾನು ನೀಲವ್ವನ ಮುಖ ನೋಡಿದೆ. ಅವಳಿಗೆ ಸುಳ್ಳು ಬಾರದು.

"ನೀವು ಎದ್ದಿದ್ರಿ," ಎಂದಳು. "ಹಲಗಿ ಬಿಟ್ಟು ಒಂದು ಮೊಳ ಎದ್ದಿದ್ರಿ. ವಿಮಾನ ನೆಲದ ಮ್ಯಾಲೇ ಇತ್ತು."

ಆಮೇಲೆ ಅವಳು ಬಣವೆಗೆ ಒರಗಿ ಅಳತೊಡಗಿದಳು. ಹೋಗಲಿ ಬಿಡು, ಇನ್ನೊಮ್ಮೆ ಕಟ್ಟುತ್ತೇನೆ ಎಂದೆ.

"ನೀವು ಹಾರಲಿಲ್ಲಂತ ಅಳ್ಲಿಕತ್ತಿಲ್ರಿ. ಅಲ್ಲಿ ತಮ್ಮ ಧೋತರ ಹಾಸಿ ಮ್ಯಾಲ ನೋಡ್ಲಿಕತ್ತಿರ್ತಾನ. ಅವ್ವ ಬಾಗಲಾಗ ನಿಂತಿರ್ತಾಳ. ಹೊಳಿ ಈ ವರ್ಷ ದಾರಿ ಬಿಟ್ಟಿತ್ತು. ನೀವು ಬಿಡಲಿಲ್ಲ."

ಮೂರು ವರ್ಷ ಅವಳನ್ನು ತಡೆದದ್ದು ಕಾಗಿಣಾ. ನಾಲ್ಕನೆಯ ವರ್ಷ ತಡೆದದ್ದು ನಾನು. ಅವಳ ಪಕ್ಕದಲ್ಲಿ ಕುಳಿತೆ. ಅಷ್ಟರಲ್ಲಿ ಆ ಎರಡು ಎತ್ತುಗಳು ಬಂದು ಬಿಳಿ ರೆಕ್ಕೆಯನ್ನು ಮೂಸಿ ನೋಡತೊಡಗಿದವು. ಈ ಸಲ ನಾನು ಓಡಿಸಲಿಲ್ಲ. ಹಸಿರು ಸೀರೆಯನ್ನು ಮಾತ್ರ ಬಿಚ್ಚಿಕೊಂಡೆ.

ಮರುದಿನ ವಿಮಾನದ ಎರಡು ಉಕ್ಕಿನ ಹಗ್ಗ ಬಿಚ್ಚಿ ಅಂಗಳದ ಬೇವಿನಮರದ ಎರಡನೆಯ ಕೊಂಬೆಗೆ ಕಟ್ಟಿದೆ. ಹಿಂದಿನ ಹಲಗೆಯನ್ನು ಅದಕ್ಕೆ ಬಿಗಿದೆ. ಹೊತ್ತು ಇಳಿಯುವ ಸಮಯದಲ್ಲಿ ನೀಲವ್ವನನ್ನು ಕರೆದೆ. ಅವಳು ಜೋಕಾಲಿಯನ್ನೂ ನನ್ನನ್ನೂ ನೋಡಿದಳು. ಹಲಗೆಯ ಮೇಲೆ ಕುಳಿತಳು. ನಾನು ಹಿಂದಿನಿಂದ ದೂಡಿದೆ. ಮೊದಲು ಗೋಡೆಯೆತ್ತರ, ಆಮೇಲೆ ಮಾಳಿಗೆಯೆತ್ತರ, ಆಮೇಲೆ ಗಿರಣಿಯ ತಗಡಿನ ಎತ್ತರ. ಅವಳು ಕಣ್ಣು ಮುಚ್ಚಲಿಲ್ಲ.

"ಏನು ಕಾಣ್ತದ?" ಎಂದು ಕೆಳಗಿನಿಂದ ಕೇಳಿದೆ.

"ಹೊಳಿ ದಂಡಿ ಕಾಣ್ತದ್ರಿ!" ಕೆಳಗೆ ಬಂದಳು, ಮತ್ತೆ ಮೇಲೆ ಹೋದಳು. "ದಾರಿ ಕಾಣ್ತದ!" ಮತ್ತೆ ಬಂದಳು, ಮತ್ತೆ ಹೋದಳು. "ಬಂಡಿ! ನಮ್ಮ ಬಂಡಿ ಬರ್ಲಿಕತ್ತದ್ರಿ! ತಮ್ಮ ಬಂದ!"

ಚನ್ನಬಸು ಬಂಡಿಯಿಂದ ಇಳಿದವನೇ ಕುತ್ತಿಗೆ ನೀವಿಕೊಂಡ. "ಮಾಮಾ, ನಿನ್ನಿ ಊರಿಗೂರೇ ಹೊಲದಾಗ ನಿಂತಿತ್ತು. ಮಧ್ಯಾಹ್ನದ ತನಕ ಮ್ಯಾಲೇ ನೋಡಿದ್ವಿ. ಒಂದು ಹದ್ದು ಬಂತು. ಮಂದಿ ಅದೇ ನೀವು ಅಂದ್ರು. ಅವ್ವ ಆರತಿ ತಟ್ಟಿ ಹಿಡ್ಕೊಂಡು ಬಂದಿದ್ಳು. ಆ ಹದ್ದು ಕೋಳಿಮರಿ ಎತ್ಕೊಂಡು ಹೋತು. ಆವಾಗ ನನಗ ಅಂಜಿಕಿ ಬಂದು ಬಂಡಿ ಕಟ್ಟಿದೆ."

ಮರುದಿನ ಬೆಳಿಗ್ಗೆ ಅವರು ಹೊರಟರು. ಗಿರಣಿಯ ಕೆಲಸ ಬಿಟ್ಟು ನಾನು ಹೋಗುವಂತಿರಲಿಲ್ಲ. ನೀಲವ್ವ ಹಸಿರು ಸೀರೆಯನ್ನೇ ಉಟ್ಟಿದ್ದಳು. ತೊಳೆದರೂ ಗಂಜಿ ಪೂರಾ ಹೋಗಿರಲಿಲ್ಲ, ಸೀರೆ ಸೆಟೆದು ನಿಂತಿತ್ತು. "ಎಂಟು ದಿನಕ್ಕ ಬರ್ತೀನ್ರಿ" ಎಂದಳು. ಬಂಡಿ ತಿರುವು ದಾಟಿದ ಕೂಡಲೇ ನನಗೆ ತಡೆಯಲಾಗಲಿಲ್ಲ. ಬೇವಿನಮರ ಹತ್ತಿದೆ. ಎರಡನೆಯ ಕೊಂಬೆಯ ಮೇಲೆ ನಿಂತು ನೋಡಿದರೆ, ದೂರದಲ್ಲಿ ಬಂಡಿ ಕಾಗಿಣಾದ ಮರಳಿಗೆ ಇಳಿಯಿತು. ತೆಳ್ಳನೆಯ ನೀರಿನಲ್ಲಿ ಗಾಲಿ ಮಿಂಚಿದವು. ಆಚೆ ದಂಡೆ ಹತ್ತಿತು. ಹಸಿರು ಚುಕ್ಕೆಯೊಂದು ಒಮ್ಮೆ ಕೈ ಬೀಸಿದಂತೆ ಕಂಡಿತು, ಅಥವಾ ನನಗೆ ಹಾಗೆ ಬೇಕಾಗಿತ್ತು. ಚುಕ್ಕೆ ಮಾಯವಾದ ಮೇಲೂ ನೋಡುತ್ತಲೇ ಇದ್ದೆ. ಆಕಾಶಕ್ಕಿಂತ ಆ ದಾರಿ ಹೆಚ್ಚು ಖಾಲಿಯಾಗಿತ್ತು.

ಆಮೇಲೆ ಕೆಳಗೆ ನೋಡಿದೆ.

ತಲೆ ಗಿರ್ರೆಂದಿತು. ಕೊಂಬೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕಣ್ಣು ಮುಚ್ಚಿದೆ. ಕೆಳಗಿನಿಂದ ಮಿಸ್ತ್ರಿಯ ಧ್ವನಿ ಬಂತು. "ಶರಣಪ್ಪನೋರ, ಇಳೀರಿ! ಎಂಜಿನ್ ಚಾಲೂ ಮಾಡೂ ಹೊತ್ತಾತು!"

"ನಿಚ್ಚಣಿಕಿ ತರ್ರಿ ಮಿಸ್ತ್ರಿ!" ಎಂದು ಕೂಗಿದೆ. "ಅಲ್ಲೀತನಕ ನಿಮ್ಮ ಟೊಪ್ಪಿಗಿ ಇಲ್ಲೇ ಅದ, ಹಿಡ್ಕೊಂಡಿರ್ತೀನಿ!"

ಮಿಸ್ತ್ರಿ ನಿಚ್ಚಣಿಕೆ ತರಲು ಊರೊಳಗೆ ಹೋದರು. ಅವರು ಬರುವ ತನಕ ಯೋಚಿಸಲು ನನಗೆ ಸಾಕಷ್ಟು ಸಮಯ ಸಿಕ್ಕಿತು. ಮೇಲೇರುವುದು ಹೇಗೆಂದು ನಾನು ವರ್ಷಗಟ್ಟಲೆ ಯೋಚಿಸಿದ್ದೆ. ಇಳಿಯುವುದು ಹೇಗೆಂದು ಒಂದು ದಿನವೂ ಯೋಚಿಸಿರಲಿಲ್ಲ. ಹರಿದುಹೋಗಿದ್ದ ಆ ಪುಟಗಳಲ್ಲಿ ಏನಿತ್ತೆಂದು ಆಗ ನನಗೆ ತಿಳಿಯಿತು!